ವಾಟ್ಸಾಪ್ ಗ್ರೂಪಿನಲ್ಲಿ ವೈಯಕ್ತಿಕ ನಿಂದನೆ: ಅಡ್ಮಿನ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಟ್ಯಾಂಕರ್ ನೀರಿನ ಬಿಲ್ಲಿನಿಂದ ಶುರುವಾದ ಮಾತು ಹತ್ತು ಮೆಸೇಜು ದಾಟುವಷ್ಟರಲ್ಲಿ "ನಿಮ್ಮಂಥೋರಿಗೆ ಲೆಕ್ಕ ಎಲ್ಲಿ ಅರ್ಥ ಆಗುತ್ತೆ" ಎಂಬಲ್ಲಿಗೆ ಬಂದಿರುತ್ತದೆ. ಊರಿನ ಗ್ರೂಪಾದರೆ ಜಾತ್ರೆಯ ಚಂದಾ, ಹಳೆ ವಿದ್ಯಾರ್ಥಿಗಳ ಗ್ರೂಪಾದರೆ ಚುನಾವಣೆ ಹೊತ್ತಿನ ಫಾರ್ವರ್ಡ್, ಬಡಾವಣೆಯಾದರೆ ಬೀದಿನಾಯಿ ಇಲ್ಲವೇ ಪಾರ್ಕಿಂಗ್. ವಿಷಯ ಯಾವುದಾದರೂ ಇರಲಿ, ಕೆಡುವ ರೀತಿ ಒಂದೇ. ವಿಷಯದ ಮೇಲಿದ್ದ ಮಾತು ಯಾವುದೋ ಒಂದು ಮೆಸೇಜಿನಲ್ಲಿ ವ್ಯಕ್ತಿಯ ಮೇಲೆ ಹೊರಳುತ್ತದೆ. ಆ ಮೆಸೇಜನ್ನು ಗುರುತಿಸಿ ಅಲ್ಲೇ ತಡೆಯುವುದಷ್ಟೇ ಅಡ್ಮಿನ್ ಕೆಲಸ. ಯಾರ ವಾದ ಸರಿ ಎಂದು ತೀರ್ಪು ಕೊಡಲು ಹೋದ ಅಡ್ಮಿನ್ ಸಂಜೆಯೊಳಗೆ ಜಗಳದ ಮೂರನೇ ಪಕ್ಷವಾಗಿರುತ್ತಾರೆ.

ಮುಂದಿನ ವಿವರಗಳು ಐವತ್ತರಿಂದ ಐನೂರು ಜನರಿರುವ ಗ್ರೂಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಮನೆಮಂದಿಯ ಗ್ರೂಪಿಗೆ ಇಷ್ಟೆಲ್ಲ ಬೇಡ. ಅಲ್ಲಿ ಅಜ್ಜಿಯ ಒಂದು ಫೋನ್ ಸಾಕು.

ಜಗಳಕ್ಕೆ ಮುಂಚಿನ ಕೆಲಸ

ನಿಯಮ ಬರೆಯಬೇಕಾದದ್ದು ಎಲ್ಲರೂ ತಣ್ಣಗಿರುವಾಗ. ಜಗಳ ಎದ್ದ ಮೇಲೆ ಬರೆದ ನಿಯಮ ಎಷ್ಟೇ ನ್ಯಾಯವಾಗಿದ್ದರೂ "ನನ್ನೊಬ್ಬನಿಗಾಗಿ ಮಾಡಿದ್ದು" ಎಂದೇ ಕಾಣುತ್ತದೆ. "ಎಲ್ಲರೂ ಸಭ್ಯವಾಗಿ ವರ್ತಿಸಿ" ಎನ್ನುವುದು ನಿಯಮವಲ್ಲ. ಬೈದವರಿಗೂ ತಾವು ಸಭ್ಯರೆಂಬ ನಂಬಿಕೆ ಇದ್ದೇ ಇರುತ್ತದೆ. ಏನು ಮಾಡುವಂತಿಲ್ಲ, ಮಾಡಿದರೆ ಏನಾಗುತ್ತದೆ ಎಂಬುದು ಅದರಲ್ಲಿರಬೇಕು. ಒಂದು ಮಾದರಿ:

"ಈ ಗ್ರೂಪ್ ಬಡಾವಣೆಯ ನೀರು, ಕಸ, ರಸ್ತೆ, ಭದ್ರತೆ ಮತ್ತು ಲೆಕ್ಕಪತ್ರಕ್ಕೆ ಮಾತ್ರ. ಸಮಿತಿಯ ಕೆಲಸವನ್ನು ಎಷ್ಟು ಬೇಕಾದರೂ ಟೀಕಿಸಬಹುದು. ವ್ಯಕ್ತಿಯನ್ನು, ಮನೆಯವರನ್ನು, ಜಾತಿ, ಧರ್ಮ, ಊರು, ಭಾಷೆ, ಉದ್ಯೋಗವನ್ನು ಎತ್ತಿ ಆಡುವಂತಿಲ್ಲ. ಒಬ್ಬರ ಫೋಟೊ, ಫೋನ್ ನಂಬರು, ಬಾಕಿ ಮೊತ್ತ, ಪರ್ಸನಲ್ ಚಾಟಿನ ಸ್ಕ್ರೀನ್‌ಶಾಟನ್ನು ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಮೀರಿದರೆ ಮೊದಲ ಸಲ ಮೆಸೇಜ್ ತೆಗೆದು ಎಚ್ಚರಿಸುತ್ತೇವೆ. ಎರಡನೇ ಸಲ 7 ದಿನ ಹೊರಗೆ, ಮೂರನೇ ಸಲ 30 ದಿನ. ಬೆದರಿಕೆ, ಜಾತಿನಿಂದನೆ, ಅಶ್ಲೀಲ ಮಾತಿಗೆ ಎಚ್ಚರಿಕೆ ಇರುವುದಿಲ್ಲ. ಅಡ್ಮಿನ್ ನಿರ್ಧಾರದ ಮೇಲೆ ತಕರಾರಿದ್ದರೆ ಗ್ರೂಪಿನಲ್ಲಿ ಬೇಡ, ಇನ್ನೊಬ್ಬ ಅಡ್ಮಿನ್‌ಗೆ ಹೇಳಿ."

ಇದರಲ್ಲಿ ಎರಡನೇ ವಾಕ್ಯವನ್ನು ಬಿಡಬೇಡಿ. ಟೀಕೆಗೆ ಬಾಗಿಲು ತೆರೆದಿದೆ ಎಂದು ಬರೆದಿಡದಿದ್ದರೆ, ಮುಂದೆ ಯಾವ ಮೆಸೇಜ್ ತೆಗೆದರೂ "ಪ್ರಶ್ನೆ ಕೇಳಿದ್ದಕ್ಕೆ ಬಾಯಿ ಮುಚ್ಚಿಸಿದರು" ಎಂಬ ದೂರು ಬರುತ್ತದೆ, ಮತ್ತು ಆ ದೂರನ್ನು ಅರ್ಧ ಗ್ರೂಪು ನಂಬುತ್ತದೆ. ನಿಯಮವನ್ನು ಗ್ರೂಪಿನ ವಿವರಣೆಯ ಜಾಗದಲ್ಲಿ ಹಾಕಿ, ಒಮ್ಮೆ ಮೆಸೇಜಾಗಿಯೂ ಕಳಿಸಿ, ಪಿನ್ ಮಾಡಿ. ಪಿನ್ ಮಾಡಿದ ಮೆಸೇಜು ಗರಿಷ್ಠ 30 ದಿನ ನಿಲ್ಲುತ್ತದೆ, ಆಮೇಲೆ ಮತ್ತೆ ಮಾಡಬೇಕು.

ಗ್ರೂಪು ಎರಡಿರಲಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಪ್ರಕಟಣೆಗಳು, ಇನ್ನೊಂದರಲ್ಲಿ ಚರ್ಚೆ. ಇದು ಬರೀ ಅಚ್ಚುಕಟ್ಟಿಗಾಗಿ ಅಲ್ಲ. ಒಂದೇ ಗ್ರೂಪಿದ್ದರೆ, ಬೈದವರನ್ನು ಹೊರಗೆ ಹಾಕಿದ ದಿನವೇ ಅವರ ಮನೆಗೆ "ನಾಳೆ ಬೆಳಿಗ್ಗೆ ನೀರಿಲ್ಲ", "ಲಿಫ್ಟ್ ರಿಪೇರಿ" ಎಂಬ ಸುದ್ದಿಯೂ ನಿಲ್ಲುತ್ತದೆ. ಆಗ ತಪ್ಪು ಮಾಡಿದವರು ಅನ್ಯಾಯಕ್ಕೊಳಗಾದವರಾಗುತ್ತಾರೆ. ಚರ್ಚೆಯ ಗ್ರೂಪಿನಿಂದ ಯಾರನ್ನು ತೆಗೆದರೂ ಪ್ರಕಟಣೆಯ ಗ್ರೂಪಿನಲ್ಲಿ ಅವರಿರಬೇಕು.

ಅಡ್ಮಿನ್‌ಗಳು ಮೂವರಿರಲಿ. ಇಬ್ಬರಿದ್ದರೆ ಭಿನ್ನಾಭಿಪ್ರಾಯ ಬಂದಾಗ ಕೆಲಸ ನಿಲ್ಲುತ್ತದೆ, ಏಳೆಂಟು ಜನರಿದ್ದರೆ ಯಾರೂ ಮಾಡುವುದಿಲ್ಲ. ಮೂವರಲ್ಲಿ ಒಬ್ಬರಾದರೂ ಸಮಿತಿಯ ಪದಾಧಿಕಾರಿ ಅಲ್ಲದವರಿರಬೇಕು, ಒಬ್ಬರಾದರೂ ಮಹಿಳೆ ಇರಬೇಕು. ಕೆಲವು ದೂರುಗಳನ್ನು ಹೆಣ್ಣುಮಕ್ಕಳು ಗಂಡಸರಿಗೆ ಹೇಳಲು ಹಿಂಜರಿಯುತ್ತಾರೆ, ಹೇಳದೆ ಸುಮ್ಮನೆ ಗ್ರೂಪ್ ಬಿಟ್ಟು ಹೋಗುತ್ತಾರೆ. ಮೂವರಿಗೆ ಬೇರೆಯೇ ಒಂದು ಪುಟ್ಟ ಗ್ರೂಪ್ ಮಾಡಿಕೊಳ್ಳಿ. ಜಗಳ ಹೆಚ್ಚಾಗಿ ಏಳುವುದು ರಾತ್ರಿ ಊಟದ ನಂತರ ಮತ್ತು ರಜೆಯ ದಿನ. ಆ ಹೊತ್ತಿನಲ್ಲಿ ಯಾರ ಕಣ್ಣು ಗ್ರೂಪಿನ ಮೇಲಿರುತ್ತದೆ ಎಂದು ಮೊದಲೇ ಹಂಚಿಕೊಳ್ಳಿ.

ಸೆಟ್ಟಿಂಗ್ಸ್ ವಿಷಯ ಬೇಗ ಮುಗಿಯುತ್ತದೆ. ಗ್ರೂಪಿನ ಹೆಸರು ಒತ್ತಿ, ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ. ಗ್ರೂಪಿನ ಸೆಟ್ಟಿಂಗ್ ಬದಲಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಮಾತ್ರ ಬಿಡಿ, ಇಲ್ಲದಿದ್ದರೆ ಜಗಳದ ನಡುವೆ ಯಾರೋ ಗ್ರೂಪಿನ ಹೆಸರನ್ನೇ ಬದಲಾಯಿಸುತ್ತಾರೆ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೆ ಸೇರಿಸುವ ಆಯ್ಕೆಯನ್ನು ಆನ್ ಮಾಡಿ. ಮಾಯವಾಗುವ ಮೆಸೇಜುಗಳ ಆಯ್ಕೆ ಆಫ್ ಇರಲಿ. 24 ಗಂಟೆಯಲ್ಲೋ 7 ದಿನದಲ್ಲೋ ತಾನಾಗಿ ಅಳಿಯುವ ಗ್ರೂಪಿನಲ್ಲಿ ಮುಂದೆ ಯಾವ ದೂರಿಗೂ ಪುರಾವೆ ಉಳಿಯುವುದಿಲ್ಲ. ಇನ್ವೈಟ್ ಲಿಂಕನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರೆ ಈಗಲೇ ರೀಸೆಟ್ ಮಾಡಿ.

ಇನ್ನೊಂದು ಮಾತು, ಅಪಾರ್ಟ್‌ಮೆಂಟ್ ಸಮಿತಿಗಳಿಗೆ. ಮೇಂಟೆನೆನ್ಸ್ ಬಾಕಿದಾರರ ಪಟ್ಟಿಯನ್ನು ಗ್ರೂಪಿನಲ್ಲಿ ಹಾಕಬೇಡಿ. ನಾಚಿಕೆಯಾದರೂ ಕಟ್ಟಲಿ ಎಂಬುದು ಅದರ ಹಿಂದಿನ ಲೆಕ್ಕ. ಆದರೆ ಹೆಸರು ಬಂದವರು ಕಟ್ಟುವ ಮೊದಲು ತಿರುಗಿ ಬೀಳುತ್ತಾರೆ, ಖಜಾಂಚಿಯ ಹಳೆಯದೆಲ್ಲ ಹೊರಬರುತ್ತದೆ, ಮತ್ತು ಆ ಜಗಳದಲ್ಲಿ ಮೊದಲ ಕಲ್ಲು ಹೊಡೆದದ್ದು ಸಮಿತಿಯೇ ಆಗಿರುತ್ತದೆ. ಬಾಕಿಯ ನೋಟಿಸು ಆಯಾ ಮನೆಗೆ ಮಾತ್ರ ಹೋಗಲಿ.

ಟೀಕೆ ಯಾವುದು, ದಾಳಿ ಯಾವುದು

ಪರೀಕ್ಷೆ ಸುಲಭ. ಮೆಸೇಜಿನಿಂದ ವ್ಯಕ್ತಿಯ ಹೆಸರು ಮತ್ತು ವಿಶೇಷಣಗಳನ್ನು ತೆಗೆದು ಓದಿ. ಉತ್ತರಿಸಬಹುದಾದ ಪ್ರಶ್ನೆಯೋ ಪರಿಶೀಲಿಸಬಹುದಾದ ಸಂಗತಿಯೋ ಉಳಿದರೆ ಅದು ಟೀಕೆ. ಏನೂ ಉಳಿಯದಿದ್ದರೆ ದಾಳಿ.

"ಮಾರ್ಚ್ ತಿಂಗಳ ಡೀಸೆಲ್ ಬಿಲ್ಲು ಫೆಬ್ರವರಿಗಿಂತ ಎರಡು ಪಟ್ಟಾಗಿದೆ. ರಸೀದಿ ತೋರಿಸಿ, ಇಲ್ಲದಿದ್ದರೆ ನಾನು ಕಟ್ಟುವುದಿಲ್ಲ." ಇದು ಖಾರವಾಗಿದೆ, ಆದರೆ ಟೀಕೆ. ಮುಟ್ಟಬೇಡಿ. "ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡು ಬಂದವರ ಯೋಗ್ಯತೆ ಇಷ್ಟೇ." ಇದರಲ್ಲಿ ಉಳಿಯುವುದೇನೂ ಇಲ್ಲ. ತೆಗೆಯಿರಿ. "ಖಜಾಂಚಿ ಡೀಸೆಲ್ ದುಡ್ಡು ನುಂಗಿದ್ದಾನೆ." ಇದು ಮೂರನೇ ಬಗೆ, ಅಪರಾಧದ ಆರೋಪ. ನಿಜವೇ ಇರಬಹುದು, ಅದಕ್ಕೇ ಇದನ್ನು ತೆಗೆದು ಕೈತೊಳೆದುಕೊಳ್ಳುವಂತಿಲ್ಲ. ಮೆಸೇಜ್ ತೆಗೆದು, ಅದನ್ನೇ ಪ್ರಶ್ನೆಯ ರೂಪದಲ್ಲಿ ಕೇಳಲು ಹೇಳಿ, ರಸೀದಿ ಪರಿಶೀಲನೆಗೆ ದಿನ ಗೊತ್ತುಮಾಡಿಸಿ. ಬರೀ ಡಿಲೀಟ್ ಮಾಡಿದರೆ ಮುಚ್ಚಿಹಾಕಿದ ಹಾಗಾಗುತ್ತದೆ.

ಪೇಚಾಟಕ್ಕೆ ಸಿಕ್ಕಿಸುವುದು ಬೆರಕೆ ಮೆಸೇಜು: ನಾಲ್ಕು ಸಾಲು ನ್ಯಾಯವಾದ ಪ್ರಶ್ನೆ, ಐದನೇ ಸಾಲಿನಲ್ಲಿ ಒಂದು ಚುಚ್ಚು. ಕಳಿಸಿ 15 ನಿಮಿಷ ಆಗಿಲ್ಲದಿದ್ದರೆ ಬರೆದವರಿಗೇ ಎಡಿಟ್ ಮಾಡುವ ಅವಕಾಶ ಇರುತ್ತದೆ. ತಕ್ಷಣ ಫೋನ್ ಮಾಡಿ ಆ ಸಾಲು ತೆಗೆಯಲು ಹೇಳಿ. ಸಮಯ ಮೀರಿದ್ದರೆ ಇಡೀ ಮೆಸೇಜ್ ಡಿಲೀಟ್ ಮಾಡಿ, ಮೊದಲ ನಾಲ್ಕು ಸಾಲನ್ನು ಅವರಿಗೇ ಪರ್ಸನಲ್ ಆಗಿ ವಾಪಸ್ ಕಳಿಸಿ, "ಇಷ್ಟನ್ನು ಮತ್ತೆ ಹಾಕಿ ಸರ್, ಉತ್ತರ ಕೊಡಿಸುತ್ತೇವೆ" ಎನ್ನಿ. ಹೆಚ್ಚಿನವರು ಹಾಕುತ್ತಾರೆ. ಅವರ ಪ್ರಶ್ನೆಗೆ ಬೆಲೆ ಸಿಕ್ಕಿತಲ್ಲ.

ಬೈಗುಳವೇ ಇಲ್ಲದ ದಾಳಿಗಳನ್ನು ಗುರುತಿಸುವುದು ಅಭ್ಯಾಸದಿಂದ ಬರುವ ಕಲೆ. ನಿನ್ನೆಯವರೆಗೆ "ನೀವು" ಎನ್ನುತ್ತಿದ್ದವರು ಇವತ್ತು "ನೀನು" ಎಂದರೆ ಗಂಟೆ ಬಾರಿಸಿತು ಎಂದೇ ತಿಳಿಯಿರಿ. ಆದರೆ ಏಕವಚನವೇ ಅಪರಾಧವಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದವರ ಗ್ರೂಪಿನಲ್ಲಿ ಬಹುವಚನ ಬಂದರೇ ಮುನಿಸು ಎಂದರ್ಥ. ನೋಡಬೇಕಾದ್ದು ಬದಲಾವಣೆಯನ್ನು. ಹೆಸರು ಹೇಳದೆ "ಕೆಲವರಿಗೆ ಹುಟ್ಟುಗುಣ" ಎಂದು ಬಿಟ್ಟ ಬಾಣ, "ನಿಮ್ಮ ಜನ", "ನಿಮ್ಮ ಕಡೆಯವರು" ಎಂದು ಸುತ್ತಿ ಎತ್ತಿದ ಜಾತಿ, ಒಬ್ಬರ ಮಾತಿನ ಧಾಟಿಯನ್ನು ಅಣಕಿಸಿ ಬರೆದದ್ದು (ಧಾರವಾಡದವರಿಗೂ ಕರಾವಳಿಯವರಿಗೂ ಬೆಂಗಳೂರಿನ ಗ್ರೂಪುಗಳಲ್ಲಿ ಇದು ಚೆನ್ನಾಗಿ ಗೊತ್ತು), ಸದಸ್ಯರ ಫೋಟೊದಿಂದಲೇ ಮಾಡಿದ ಸ್ಟಿಕರ್, ಇವೆಲ್ಲ ದಾಳಿಯೇ. "ನಾನು ಯಾರ ಹೆಸರೂ ಹೇಳಿಲ್ಲವಲ್ಲ" ಎಂಬ ಸಮರ್ಥನೆ ಬರುತ್ತದೆ. ಗ್ರೂಪಿನಲ್ಲಿ ಓದಿದವರಿಗೆಲ್ಲ ಯಾರೆಂದು ಗೊತ್ತಾಗಿದ್ದರೆ ಹೆಸರು ಹೇಳಿದ ಹಾಗೆಯೇ.

ವಾಯ್ಸ್ ನೋಟನ್ನು ಪೂರ್ತಿ ಕೇಳದೆ ತೀರ್ಮಾನಿಸಬೇಡಿ. ಬೈಗುಳ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ.

ಹತ್ತು ಜನ ಒಬ್ಬೊಬ್ಬರಾಗಿ, ಪ್ರತಿಯೊಬ್ಬರೂ ಮರ್ಯಾದೆಯಾಗಿಯೇ, ಒಬ್ಬರ ಮೇಲೆ ಮುಗಿಬೀಳುವುದೂ ಉಂಟು. ಯಾವ ಒಂದು ಮೆಸೇಜೂ ನಿಯಮ ಮೀರಿರುವುದಿಲ್ಲ, ಆದರೆ ಆ ಕಡೆ ಓದುತ್ತಿರುವವರ ಉಸಿರು ಕಟ್ಟಿರುತ್ತದೆ. ಇಲ್ಲಿ ಡಿಲೀಟ್ ಮಾಡಲು ಏನೂ ಇಲ್ಲ. "ವಿಷಯ ಎಲ್ಲರಿಗೂ ಮುಟ್ಟಿದೆ, ಉತ್ತರ ನಾಳೆ ಸಂಜೆ 6ಕ್ಕೆ ಬರುತ್ತದೆ, ಅಲ್ಲಿಯವರೆಗೆ ಈ ವಿಷಯ ಬೇಡ" ಎಂದು ಚರ್ಚೆಯನ್ನೇ ನಿಲ್ಲಿಸಬೇಕು.

ಮೊದಲ ಹದಿನೈದು ನಿಮಿಷ

ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

1. ಸ್ಕ್ರೀನ್‌ಶಾಟ್ ಮೊದಲು. ಕಳಿಸಿದವರ ಹೆಸರು, ಸಮಯ, ಹಿಂದಿನ ಮತ್ತು ಮುಂದಿನ ಎರಡು ಮೂರು ಮೆಸೇಜು ಕಾಣುವಂತೆ ತೆಗೆಯಿರಿ. ಕತ್ತರಿಸಿದ ಸ್ಕ್ರೀನ್‌ಶಾಟಿಗೆ "ನನ್ನನ್ನು ಕೆಣಕಿದ್ದು ತೋರಿಸಿಲ್ಲ" ಎಂಬ ಉತ್ತರ ಸಿದ್ಧವಿರುತ್ತದೆ. ನಿಮ್ಮ ಫೋನಿನಲ್ಲಿ ಆ ನಂಬರು "ಬಿ-ಬ್ಲಾಕ್ ಅಂಕಲ್" ಎಂದು ಸೇವ್ ಆಗಿದ್ದರೆ, ಪ್ರೊಫೈಲ್ ತೆರೆದು ನಂಬರು ಕಾಣುವ ಇನ್ನೊಂದು ಚಿತ್ರವನ್ನೂ ತೆಗೆದುಕೊಳ್ಳಿ.

2. ಮೆಸೇಜನ್ನು ಎಲ್ಲರಿಗೂ ಅಳಿಯುವಂತೆ ಡಿಲೀಟ್ ಮಾಡಿ. ಈ ಅಧಿಕಾರ 2022ರಿಂದ ಅಡ್ಮಿನ್‌ಗಳಿಗೆ ಇದೆ. ಯಾವ ಅಡ್ಮಿನ್ ಅಳಿಸಿದರು ಎಂಬುದು ಎಲ್ಲರಿಗೂ ಕಾಣುತ್ತದೆ, ಗುಟ್ಟಾಗಿ ಮಾಡಲು ಆಗುವುದಿಲ್ಲ. ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ: ಮೂಲ ಮೆಸೇಜು ಹೋದರೂ, ಅದನ್ನು ಎತ್ತಿ ಹೇಳಿ ಉತ್ತರಿಸಿದವರ ಮೆಸೇಜಿನ ಮೇಲ್ತುದಿಯಲ್ಲಿ ಬೈಗುಳ ಹಾಗೆಯೇ ಉಳಿದಿರುತ್ತದೆ. ಆ ಉತ್ತರಗಳನ್ನೂ ತೆಗೆಯಬೇಕು. ಬೈಸಿಕೊಂಡವರೇ ಕೊಟ್ಟ ಉತ್ತರವಾದರೆ, ಯಾಕೆ ತೆಗೆದಿರೆಂದು ಅವರಿಗೆ ತಿಳಿಸಿ.

3. ಇನ್ನೂ ಬೆಂಕಿ ಹತ್ತಿಕೊಳ್ಳುತ್ತಿದ್ದರೆ, ಬರೆಯುವ ಅವಕಾಶವನ್ನು ಅಡ್ಮಿನ್‌ಗಳಿಗೆ ಮಾತ್ರ ಸೀಮಿತ ಮಾಡಿ. ರಾತ್ರಿಯಾದರೆ ಬೆಳಿಗ್ಗೆ ತನಕ, ಹಗಲಾದರೆ ಎರಡು ಗಂಟೆ. ತೆರೆಯುವ ಸಮಯವನ್ನು ಅದೇ ಮೆಸೇಜಿನಲ್ಲಿ ಬರೆಯಿರಿ, ಬರೆದ ಸಮಯಕ್ಕೆ ತೆರೆಯಿರಿ. ವಾಟ್ಸಾಪಿನಲ್ಲಿ ಒಬ್ಬರನ್ನು ಮಾತ್ರ ಕೆಲ ಹೊತ್ತು ಸುಮ್ಮನಿರಿಸುವ ಸೌಲಭ್ಯವಿಲ್ಲ, ಒಂದೋ ಎಲ್ಲರನ್ನೂ ನಿಲ್ಲಿಸಬೇಕು, ಇಲ್ಲವೇ ಆ ಒಬ್ಬರನ್ನು ತೆಗೆಯಬೇಕು. ಟೆಲಿಗ್ರಾಂನಲ್ಲಾದರೆ ಒಬ್ಬರ ಮೇಲೆ ಮಾತ್ರ ನಿರ್ಬಂಧ ಹಾಕಬಹುದು, ಸ್ಲೋ ಮೋಡ್ ಹಾಕಿ ಒಂದು ಮೆಸೇಜಿಗೂ ಇನ್ನೊಂದಕ್ಕೂ ಕೆಲವು ಸೆಕೆಂಡಿನಿಂದ 1 ಗಂಟೆಯವರೆಗೆ ಅಂತರ ಇಡಬಹುದು. ಐನೂರು ಜನ ದಾಟಿದ, ಸದಾ ಕಾವೇರಿರುವ ಗ್ರೂಪುಗಳು ಅಲ್ಲಿಗೆ ಹೋಗುವುದು ಒಳ್ಳೆಯದು.

4. ಗ್ರೂಪಿಗೆ ಎರಡೇ ಸಾಲು: "ಒಂದು ಮೆಸೇಜು ವೈಯಕ್ತಿಕ ಮಾತಿನ ನಿಯಮ ಮೀರಿದ್ದರಿಂದ ತೆಗೆದಿದ್ದೇವೆ. ಟ್ಯಾಂಕರ್ ಬಿಲ್ಲಿನ ಪ್ರಶ್ನೆ ಹಾಗೇ ಇದೆ, ಅದಕ್ಕೆ ಸಮಿತಿ ಉತ್ತರ ಕೊಡಲಿದೆ." ಹೆಸರು ಬೇಡ, ಬುದ್ಧಿಮಾತು ಬೇಡ, ಕೈ ಮುಗಿಯುವ ಇಮೋಜಿಯೂ ಬೇಡ. ಗ್ರೂಪಿನೆದುರು ಹೆಸರು ಹಿಡಿದು ಬೈಸಿಕೊಂಡವರಿಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ, ಅವರು ಮುಂದಕ್ಕೇ ನುಗ್ಗುತ್ತಾರೆ.

5. ಮೂವರು ಅಡ್ಮಿನ್‌ಗಳ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿ, ಏನು ಮಾಡಿದಿರಿ ಎಂದು ಬರೆಯಿರಿ. ಯಾರು ಯಾರಿಗೆ ಫೋನ್ ಮಾಡುವುದು ಎಂದು ಅಲ್ಲೇ ತೀರ್ಮಾನಿಸಿ.

ಮೊದಲ ಫೋನ್ ಬೈಸಿಕೊಂಡವರಿಗೆ

ಎಲ್ಲರೂ ಬೈದವರನ್ನು ಸಮಾಧಾನ ಮಾಡುವ ಗಡಿಬಿಡಿಯಲ್ಲಿ ಬೈಸಿಕೊಂಡವರನ್ನು ಮರೆಯುತ್ತಾರೆ. ಮಾರನೆಯ ದಿನ ಅವರು ಗ್ರೂಪಿನಲ್ಲಿ ಇರುವುದಿಲ್ಲ. ಮೊದಲು ಅವರಿಗೆ ಫೋನ್ ಮಾಡಿ: "ಮೇಡಂ, ಆ ಮೆಸೇಜು ತೆಗೆದಿದ್ದೇವೆ, ಅದರ ಚಿತ್ರ ನಮ್ಮ ಹತ್ತಿರ ಇದೆ. ಅವರ ಜತೆ ಮಾತಾಡುತ್ತೇವೆ. ನಿಮ್ಮ ಕಡೆಯಿಂದ ಇವತ್ತು ಉತ್ತರ ಬೇಡ. ಇನ್ನೇನಾದರೂ ಆಗಬೇಕು ಅನಿಸುತ್ತಾ?" ಕೊನೆಯ ಪ್ರಶ್ನೆ ಮುಖ್ಯ. ಕೆಲವರಿಗೆ ಕ್ಷಮೆ ಬೇಕು, ಕೆಲವರಿಗೆ ವಿಷಯ ಮತ್ತೆ ಎತ್ತುವುದೇ ಬೇಡ. "ಹೋಗ್ಲಿ ಬಿಡಿ, ಅವರ ಸ್ವಭಾವವೇ ಹಾಗೆ" ಎಂದು ಮಾತ್ರ ಹೇಳಬೇಡಿ. ಅದು ಕಿವಿಗೆ ಬೀಳುವುದು "ನಾವು ಅವರ ಕಡೆ" ಎಂದು.

ಬೈದವರಿಗೆ ಫೋನ್ ಮಾಡುವವರು ಅವರ ಮಾತು ಕೇಳುವಂಥ ಅಡ್ಮಿನ್ ಆಗಿರಬೇಕು. ಎಪ್ಪತ್ತರ ಯಜಮಾನರಿಗೆ ಇಪ್ಪತ್ತೈದರ ಹುಡುಗ ನಿಯಮ ಓದಿ ಹೇಳಿದರೆ ಎರಡನೇ ಜಗಳ ಶುರು. ಕೋಪದ ಹೊತ್ತಿನಲ್ಲಿ ಬರೆದದ್ದನ್ನು ಕೋಪದಲ್ಲೇ ಓದುತ್ತಾರೆ, ಹಾಗಾಗಿ ಮೊದಲು ಫೋನ್, ಆಮೇಲೆ ಲಿಖಿತ. ಮಾತು ಪ್ರಶ್ನೆಯಿಂದ ಶುರುವಾಗಲಿ: "ಸರ್, ಬಿಲ್ಲಿನ ವಿಷಯ ನೀವು ಕೇಳಿದ್ದು ಸರಿಯಾಗಿದೆ, ಅದಕ್ಕೆ ಉತ್ತರ ಕೊಡಿಸುತ್ತೇನೆ. ಆ ಕೊನೆಯ ಸಾಲು ಮಾತ್ರ ನಿಯಮಕ್ಕೆ ಹೊರಗೆ ಹೋಯಿತು, ಅದಕ್ಕೆ ತೆಗೆದೆವು." ಅವರು ಹಿಂದಿನ ಕಥೆಯೆಲ್ಲ ಹೇಳುತ್ತಾರೆ. ಹತ್ತು ನಿಮಿಷ ಕೇಳಿ, ಹೌದು ಎನ್ನಬೇಡಿ, ಇಲ್ಲ ಎನ್ನಬೇಡಿ. ಫೋನ್ ಇಟ್ಟ ಮೇಲೆ ಒಂದು ಲಿಖಿತ ಮೆಸೇಜ್ ಕಳಿಸಿ: "ಇವತ್ತು 9.40ರ ನಿಮ್ಮ ಮೆಸೇಜನ್ನು ನಿಯಮದ ಪ್ರಕಾರ ತೆಗೆದಿದ್ದೇವೆ. ಇದು ಮೊದಲ ಎಚ್ಚರಿಕೆ." ಮುಂದೆ 7 ದಿನ ಹೊರಗಿಡಬೇಕಾಗಿ ಬಂದರೆ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಗ್ರೂಪಿನಲ್ಲೇ ಕ್ಷಮೆ ಕೇಳಲು ಒತ್ತಾಯಿಸಬೇಡಿ. ಒತ್ತಾಯದ ಕ್ಷಮೆ "ಯಾರಿಗಾದರೂ ನೋವಾಗಿದ್ದರೆ" ಎಂದು ಶುರುವಾಗುತ್ತದೆ, ಅದಕ್ಕೆ ಇಪ್ಪತ್ತು ಪ್ರತಿಕ್ರಿಯೆ ಬರುತ್ತವೆ, ಆರಿದ್ದು ಮತ್ತೆ ಹೊತ್ತುತ್ತದೆ. ನೇರವಾಗಿ ಬೈಸಿಕೊಂಡವರಿಗೆ ಒಂದು ಫೋನ್ ಮಾಡಿಸಿದರೆ ಹೆಚ್ಚು ಫಲ.

ಕೈಕಟ್ಟುವ ಸಂದರ್ಭಗಳು

ಬೈಸಿಕೊಂಡದ್ದು ಅಡ್ಮಿನ್ನೇ ಆದರೆ, ಆ ಅಡ್ಮಿನ್ ಅಂದು ಯಾವ ಗುಂಡಿಯನ್ನೂ ಒತ್ತಬಾರದು. ಇನ್ನಿಬ್ಬರು ನೋಡಿಕೊಳ್ಳುತ್ತಾರೆ. ತನ್ನ ಮೇಲಿನ ಬೈಗುಳವನ್ನು ತಾನೇ ಅಳಿಸಿದ ಅಡ್ಮಿನ್ ಎಷ್ಟೇ ನ್ಯಾಯವಾಗಿದ್ದರೂ ನ್ಯಾಯವಾಗಿ ಕಾಣುವುದಿಲ್ಲ. ಬೈದದ್ದು ಅಡ್ಮಿನ್ ಆದರೆ ಮೆಸೇಜ್ ತೆಗೆದು, ಅಧಿಕಾರವನ್ನೂ ಅಂದೇ ತೆಗೆಯಬೇಕು. ಗ್ರೂಪನ್ನು ಮೊದಲು ಮಾಡಿದವರನ್ನು ಬೇರೆ ಅಡ್ಮಿನ್‌ಗಳು ಅಧಿಕಾರದಿಂದ ಇಳಿಸಲು ವಾಟ್ಸಾಪಿನಲ್ಲಿ ಆಗುವುದಿಲ್ಲ ಎಂಬುದು ನೆನಪಿರಲಿ, ಅಂಥವರೇ ಬೈಯತೊಡಗಿದರೆ ಹೊಸ ಗ್ರೂಪು ಮಾಡುವುದೊಂದೇ ದಾರಿ.

ದೇವಸ್ಥಾನಕ್ಕೆ ದೊಡ್ಡ ದೇಣಿಗೆ ಕೊಟ್ಟವರು, ಸಮಿತಿಯ ಅಧ್ಯಕ್ಷರು, ಊರಿನ ಪ್ರಭಾವಿ ಬೈದಾಗ ನಿಯಮ ಮೆತ್ತಗಾಗುತ್ತದೆ. ಗ್ರೂಪಿನ ನಂಬಿಕೆ ಮುರಿಯುವುದು ಇಲ್ಲೇ. ಸಣ್ಣವರ ಮೆಸೇಜು ಐದು ನಿಮಿಷದಲ್ಲಿ ಹೋಗಿ, ದೊಡ್ಡವರ ಮೆಸೇಜು ರಾತ್ರಿಯೆಲ್ಲ ಉಳಿದಿದ್ದನ್ನು ಎಲ್ಲರೂ ಗಮನಿಸುತ್ತಾರೆ, ಯಾರೂ ಹೇಳುವುದಿಲ್ಲ. ಅವರೊಡನೆ ಮಾತಾಡುವ ಧಾಟಿ ಬೇರೆ ಇರಲಿ, ಗುಂಡಿ ಒತ್ತುವ ವೇಗ ಒಂದೇ ಇರಲಿ.

ಇಬ್ಬರೂ ಬೈದಿದ್ದರೆ "ಮೊದಲು ಶುರುಮಾಡಿದ್ದು ಯಾರು" ಎಂದು ಹುಡುಕುತ್ತ ಹೋಗಬೇಡಿ, ಅದು ಮೂರು ವರ್ಷ ಹಿಂದಿನ ಪಾರ್ಕಿಂಗ್ ಜಗಳಕ್ಕೆ ಹೋಗಿ ನಿಲ್ಲುತ್ತದೆ. ಇಬ್ಬರ ಮೆಸೇಜೂ ಹೋಗಲಿ, ಇಬ್ಬರಿಗೂ ಎಚ್ಚರಿಕೆ. ಒಬ್ಬರು ಬೈದು ಇನ್ನೊಬ್ಬರು ಬರೀ ಪ್ರತಿಭಟಿಸಿದ್ದರೆ ಮಾತ್ರ ಹೀಗೆ ಸಮಮಾಡಬೇಡಿ, ಅದು ಅನ್ಯಾಯ.

ಹೊರಹಾಕಿದವರು ತಮ್ಮದೇ ಗ್ರೂಪು ಮಾಡಿ ಅರ್ಧ ಜನರನ್ನು ಸೇರಿಸಿಕೊಳ್ಳುತ್ತಾರೆ. ಮಾಡಲಿ. ಅಲ್ಲಿಗೆ ಸೇರಿ ಗೂಢಚಾರಿಕೆ ಮಾಡುವುದು, ಅಲ್ಲಿನ ಸ್ಕ್ರೀನ್‌ಶಾಟ್ ತಂದು ಇಲ್ಲಿ ಹಾಕುವುದು ಎರಡನ್ನೂ ನಿಲ್ಲಿಸಿ. ನಿಮ್ಮ ಗ್ರೂಪಿನಲ್ಲಿ ಲೆಕ್ಕಪತ್ರ ಸರಿಯಾಗಿ ಬರುತ್ತಿದ್ದರೆ ಆ ಗ್ರೂಪು ತಿಂಗಳೊಳಗೆ ಶುಭೋದಯದ ಚಿತ್ರಗಳಿಗೆ ಸೀಮಿತವಾಗುತ್ತದೆ.

ಕಾನೂನು ಎಲ್ಲಿ ಬರುತ್ತದೆ

ಬೇರೆಯವರು ಹಾಕಿದ ಮೆಸೇಜಿಗೆ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆ ಎಂಬ ಫಾರ್ವರ್ಡ್ ಚುನಾವಣೆ ಬಂದಾಗಲೆಲ್ಲ ಓಡಾಡುತ್ತದೆ. ನ್ಯಾಯಾಲಯಗಳು ಹಾಗೆ ಹೇಳಿಲ್ಲ. ಗ್ರೂಪಿನ ಮಹಿಳೆಯೊಬ್ಬರನ್ನು ಸದಸ್ಯನೊಬ್ಬ ಕೊಳಕಾಗಿ ಬೈದ, ಅಡ್ಮಿನ್ ಅವನನ್ನು ತೆಗೆಯಲೂ ಇಲ್ಲ, ಕ್ಷಮೆ ಕೇಳಿಸಲೂ ಇಲ್ಲ ಎಂಬ ಮೊಕದ್ದಮೆಯಲ್ಲಿ, ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಅಡ್ಮಿನ್ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಇಬ್ಬರಿಗೂ ಸಮಾನ ಉದ್ದೇಶವಿತ್ತು ಎಂದು ತೋರಿಸದೆ ಸದಸ್ಯನ ಮಾತಿಗೆ ಅಡ್ಮಿನ್ ಹೊಣೆಯಾಗುವುದಿಲ್ಲ ಎಂಬುದು ಅದರ ಸಾರ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಅದೇ ದಿಕ್ಕಿನಲ್ಲಿ ತೀರ್ಪು ಕೊಟ್ಟಿತು. ಹಾಗೆಂದು ಅಡ್ಮಿನ್ ತಾನೇ ಫಾರ್ವರ್ಡ್ ಮಾಡಿದರೆ, ಬೈದವನಿಗೆ ಕುಮ್ಮಕ್ಕು ಕೊಟ್ಟರೆ ಈ ರಕ್ಷಣೆ ಇಲ್ಲ.

ಐಟಿ ಕಾಯ್ದೆಯ 66ಎ ಕಲಮಿನಡಿ ಕೇಸು ಹಾಕುತ್ತೇನೆ ಎಂದು ಈಗಲೂ ಹೆದರಿಸುವವರಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಈಗ ಅನ್ವಯಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ. ಮಾನನಷ್ಟ 356ನೇ ಕಲಮು, ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಬೆದರಿಕೆ 351, ಕೊಲ್ಲುವ ಬೆದರಿಕೆಯಾದರೆ ಏಳು ವರ್ಷದವರೆಗೆ. ಮಹಿಳೆಯ ಮಾನಕ್ಕೆ ಕುಂದು ತರುವ ಮಾತು 79, ಮೂರು ವರ್ಷದವರೆಗೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ, ಅದರಡಿ ನಿರೀಕ್ಷಣಾ ಜಾಮೀನಿಗೆ ಕಾಯ್ದೆಯೇ ತಡೆ ಒಡ್ಡಿದೆ.

ಇಲ್ಲಿ ಜನ ನಿರಾಶರಾಗುವ ಒಂದು ವಿಷಯವಿದೆ. ಮಾನನಷ್ಟ ಅಸಂಜ್ಞೇಯ (ಎನ್‌ಸಿ) ಅಪರಾಧ, ಅಂದರೆ ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಗೆ ಹೋದರೆ ಎಫ್‌ಐಆರ್ ಆಗುವುದಿಲ್ಲ, ಎನ್‌ಸಿ ಎಂದು ದಾಖಲಿಸಿ ಹಿಂಬರಹ ಕೊಟ್ಟು ಕಳಿಸುತ್ತಾರೆ. ಮುಂದಕ್ಕೆ ಹೋಗಬೇಕಾದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬೇಕು. ಪರಿಹಾರ ಕೇಳಿ ಸಿವಿಲ್ ದಾವೆ ಹೂಡುವುದಾದರೆ ಅವಧಿ ಒಂದೇ ವರ್ಷ. ಮಾನನಷ್ಟಕ್ಕೆ ಕಾನೂನಿನಲ್ಲೇ ವಿನಾಯಿತಿಗಳಿವೆ: ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯ ಅದರಲ್ಲಿ ಮೊದಲನೆಯದು. ಖಜಾಂಚಿಯ ಲೆಕ್ಕ ನಿಜವಾಗಿ ತಪ್ಪಿದ್ದರೆ ಕೇಸು ಹಾಕಿದವರೇ ಪೇಚಿಗೆ ಸಿಕ್ಕಬಹುದು. "ಯೋಗ್ಯತೆ ಇಲ್ಲದವನು" ಎಂಬ ಒಂದು ಮಾತಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ನಮ್ಮ ಲೆಕ್ಕದಲ್ಲಿ ನಷ್ಟದ ಬಾಬ್ತು. ಆದರೆ ಬೆದರಿಕೆ, ತಿರುಚಿದ ಫೋಟೊ, ಹೆಣ್ಣುಮಕ್ಕಳ ನಂಬರನ್ನು ಕೊಳಕು ಗ್ರೂಪುಗಳಿಗೆ ಹಂಚುವುದು, ಇಂಥವಕ್ಕೆ ಗ್ರೂಪಿನೊಳಗೆ ರಾಜಿ ಮಾಡಿಸಲು ಹೋಗಲೇಬೇಡಿ. ನೇರ ಠಾಣೆಗೆ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಕೊಡಬಹುದು. 1930 ನಂಬರು ಮುಖ್ಯವಾಗಿ ಆನ್‌ಲೈನಿನಲ್ಲಿ ಹಣ ಕಳೆದುಕೊಂಡವರಿಗಾಗಿ ಇರುವುದು.

ಪುರಾವೆಯ ಮಾತು. ಸ್ಕ್ರೀನ್‌ಶಾಟ್ ಒಂದೇ ಸಾಲದು. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಈಮೇಲಿಗೆ ಕಳಿಸಿಕೊಳ್ಳಿ. ಫೋಟೊ, ಆಡಿಯೊ ಸಮೇತವಾದರೆ ಇತ್ತೀಚಿನ 10,000 ಮೆಸೇಜು, ಬರೀ ಬರಹವಾದರೆ 40,000 ಬರುತ್ತದೆ. ಗ್ರೂಪಿನಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಆನ್ ಆಗಿದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಮೊದಲು ಅದನ್ನು ನೋಡಿ. ವಾಯ್ಸ್ ನೋಟ್ ಇದ್ದರೆ ಆ ಫೈಲನ್ನೇ ಉಳಿಸಿ. ಕೋರ್ಟಿನಲ್ಲಿ ಇದರ ಪ್ರತಿಗಳನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದನ್ನು ಪ್ರತಿ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬುತ್ತಾರೆ. ಇದಕ್ಕೆಲ್ಲ ಮೂಲ ಆ ಫೋನು. ಮೊಕದ್ದಮೆಯ ಯೋಚನೆ ಇದ್ದರೆ ಅದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಲೆಕ್ಕದ ಪುಸ್ತಕ ಮತ್ತು ವಾಪಸಾತಿ

ಒಂದು ಎಕ್ಸೆಲ್ ಹಾಳೆ ಸಾಕು: ದಿನಾಂಕ, ಯಾರು, ಯಾವ ನಿಯಮ, ಏನು ಕ್ರಮ, ಯಾವ ಅಡ್ಮಿನ್. ಬೈಗುಳವನ್ನು ಅಲ್ಲಿ ಮತ್ತೆ ಬರೆಯಬೇಡಿ, ಸ್ಕ್ರೀನ್‌ಶಾಟಿನ ಕ್ರಮಸಂಖ್ಯೆ ಹಾಕಿ. ಒಂದು ವರ್ಷ ಹೊಸ ತಕರಾರಿಲ್ಲದಿದ್ದರೆ ಆ ಹೆಸರಿನ ಎದುರಿನ ಎಚ್ಚರಿಕೆಗಳನ್ನು ರದ್ದು ಮಾಡಿ. ಹಾಳೆ ಮೂವರಲ್ಲೇ ಇರಲಿ. ಅಡ್ಮಿನ್ ಬದಲಾದರೆ ಹಳಬರ ಕೈಯಿಂದ ತೆಗೆದು ಹೊಸಬರಿಗೆ ಕೊಡಿ.

ಹೊರಗಿಟ್ಟವರ ಅವಧಿ ಮುಗಿದ ದಿನ ಅವರು ಕೇಳುವ ತನಕ ಕಾಯಬೇಡಿ. ಅಡ್ಮಿನ್ನೇ ಫೋನ್ ಮಾಡಿ "ಇವತ್ತಿಗೆ 7 ದಿನ ಆಯಿತು ಸರ್, ಸೇರಿಸುತ್ತಿದ್ದೇನೆ" ಎಂದು ಹೇಳಿ ಸೇರಿಸಬೇಕು. ಗ್ರೂಪಿನಲ್ಲಿ ಸ್ವಾಗತ ಬೇಡ, ವಿವರಣೆ ಬೇಡ. ಯಾರಾದರೂ ಚುಡಾಯಿಸಿದರೆ ಆ ಮೆಸೇಜನ್ನು ಕೂಡಲೇ ತೆಗೆಯಿರಿ. ಅವರ ಪ್ರೈವಸಿ ಸೆಟ್ಟಿಂಗಿನಿಂದ ನೇರ ಸೇರಿಸಲು ಆಗದಿದ್ದರೆ ವಾಟ್ಸಾಪ್ ಖಾಸಗಿ ಆಹ್ವಾನ ಕಳಿಸುವ ಆಯ್ಕೆ ತೋರಿಸುತ್ತದೆ. ಆ ಆಹ್ವಾನದ ಆಯಸ್ಸು ಮೂರೇ ದಿನ, ಕಳಿಸಿದ ಮೇಲೆ ಅವರು ಒತ್ತಿದರೋ ಇಲ್ಲವೋ ಮಾರನೇ ದಿನ ನೋಡಿ.